ವನಜ ಹಿಡಿದ ಕೋಣೆ

ಪರದೆಯ ಮೇಲೆ ಕೆಂಪು ಅಕ್ಷರ ಕಂಡ ಕೂಡಲೇ ರತ್ನಾಕರ ಚಹಾದ ಲೋಟವನ್ನು ಮೇಜಿನ ಆ ತುದಿಗೆ ತಳ್ಳಿದ. ಕೈಗೆಟುಕುವಲ್ಲಿದ್ದರೆ ಅದನ್ನು ಗೋಡೆಗೆ ಬೀಸುವ ಮನಸ್ಸಾಗುತ್ತದೆ ಎಂದು ಅವನಿಗೇ ಗೊತ್ತಿತ್ತು. ಹುಡುಕಿದ ಎಲಿಮೆಂಟ್ ಸಿಗಲಿಲ್ಲ ಎನ್ನುತ್ತಿತ್ತು ಕಂಪ್ಯೂಟರು. ನಿನ್ನೆ ಸಿಕ್ಕಿತ್ತು, ಮೊನ್ನೆ ಸಿಕ್ಕಿತ್ತು, ಇವತ್ತು ಇಲ್ಲ. ಅವನ ಕಣ್ಣೆದುರೇ ಅದು ಹುಡುಕುವ ಬಟನ್ನು ಹಸಿರು ಬಣ್ಣ ಬಳಿದುಕೊಂಡು ಕೂತಿದೆ, 'ಕೋಣೆ ಕಾಯ್ದಿರಿಸಿ' ಎಂದು ದಪ್ಪಕ್ಷರದಲ್ಲಿ ಬರೆದೂ ಇದೆ. ಕಂಪ್ಯೂಟರಿನ ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ಅವನ ಕೆಲಸವೇ ಇದು. ಕುಂದಾಪುರದ ಬಸ್ ನಿಲ್ದಾಣದ ಎದುರಿನ ಮಾಳಿಗೆಯಲ್ಲಿ ಬೈಂದೂರಿನ ಮಧುಸೂದನ ಒಂದು ಸಣ್ಣ ಕಂಪನಿ ನಡೆಸುತ್ತಿದ್ದ. ಅಂಗಡಿಗಳಿಗೆ, ಲಾಡ್ಜುಗಳಿಗೆ ವೆಬ್‌ಸೈಟು ಮಾಡಿಕೊಡುವುದು. ಮಾಡಿದ ಸೈಟು ಸರಿಯಾಗಿ ನಡೆಯುತ್ತಿದೆಯೇ ಎಂದು ದಿನವೂ ನೋಡುವುದು ರತ್ನಾಕರನ ಪಾಲು. ನೋಡುವುದೆಂದರೆ ಕೈಯಾರೆ ಅಲ್ಲ. ಅವನು ಬರೆದಿಟ್ಟ ಸ್ಕ್ರಿಪ್ಟು ತಾನೇ ಬ್ರೌಸರ್ ತೆರೆಯುತ್ತದೆ, ತಾನೇ ಹೆಸರು ತುಂಬುತ್ತದೆ, ತಾನೇ ಬಟನ್ ಒತ್ತುತ್ತದೆ. ಎಲ್ಲ ಸರಿಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಯಾವ ಬಟನ್ನು, ಎಲ್ಲಿದೆ ಎಂದು ಆ ಸ್ಕ್ರಿಪ್ಟಿಗೆ ಗುರುತು ಹೇಳಿಕೊಡುವುದರಲ್ಲೇ ರತ್ನಾಕರನ ಅರ್ಧ ಆಯುಷ್ಯ ಕಳೆಯುತ್ತಿತ್ತು. ತೊಂಬತ್ತೇಳರಲ್ಲಿ ಅವನು ಇದೇ ಪೇಟೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಟೈಪ್‌ರೈಟರಿನಲ್ಲಿ ಯಾವ ಅಕ್ಷರ ಎಲ್ಲಿದೆಯೋ ಅಲ್ಲೇ ಇರುತ್ತಿತ್ತು. ಬೆಳಗಾಗುವುದರೊಳಗೆ ಎದ್ದು ಬೇರೆ ಕಡೆ ಹೋಗಿ ಕೂರುತ್ತಿರಲಿಲ್ಲ. ಟೈಪಿಂಗ್ ಕಲಿಯುವವರು ಇಲ್ಲವಾದ ಮೇಲೆ ಕಂಪ್ಯೂಟರಿಗೆ ಬಂದ. ಪೇಟೆಯವರ ಬಾಯಲ್ಲಿ ಮಾತ್ರ ಮಾಸ್ಟ್ರು ಎಂಬುದು ಉಳಿಯಿತು.

ಬ್ರಹ್ಮಾವರದ ಮನೆಯಲ್ಲೇ ಕೂತು ಪುಟಗಳ ವಿನ್ಯಾಸ ಮಾಡುವ ತನ್ವಿಗೆ ಫೋನು ಹಚ್ಚಿದ.

"ರಾತ್ರಿ ಮತ್ತೆಂತ ಬದಲ್ ಮಾಡ್ದೆ ನೀನ್?"

"ಎಂತ ಇಲ್ಲೆ ಸರ್. ಪೇಜ್ ಒಂಚೂರ್ ಚಂದ ಮಾಡ್ದೆ."

"ಚಂದ ಮಾಡ್ದ್ಯಾ. ಬಟನ್ನಿನ ಗುರ್ತಿನ ಐಡಿ ಎಲ್ಲಿಗ್ ಹೋಯ್ತ್?"

"ಐಡಿ ನಾ ಕೊಡುದಲ್ಲ ಸರ್, ಅದ್ ತನ್ನಷ್ಟಕ್ಕೇ ಹುಟ್ಟುದ್. ಪೇಜ್ ಬದಲಾದ್ರೆ ಅದೂ ಬದಲಾತ್ತ್."

"ಮನಿಗ್ ಸುಣ್ಣ ಹೊಡದ್ರೆ ಮನಿ ಹೆಸ್ರ್ ಬದಲಾತ್ತಾ ಹೆಣೆ? ಬಟನ್ನಿಗೊಂದ್ ಹೆಸ್ರ್ ಇಡ್. ಸುಣ್ಣ ಬೇಕಾರೆ ದಿನಕ್ಕೊಂದ್ ಸಲ ಹೊಡಿ."

ತನ್ವಿ ನಕ್ಕಳು. ಅವನು ಬೈದಷ್ಟೂ ನಗುವ ಹುಡುಗಿ ಅವಳು, ಅದರಿಂದ ಅವನ ಪಿತ್ತ ಇನ್ನಷ್ಟು ಏರುತ್ತಿತ್ತು. "ನವರಾತ್ರಿ ಮುಗೀಲಿ ಸರ್, ಎಲ್ಲದಕ್ಕೂ ಹೆಸ್ರ್ ಇಡ್ತೆ. ಈಗ ಆ ಬಟನ್ನಿನ ಮೇಲ್ ಬರದ್ದನ್ನೇ ಗುರ್ತ್ ಮಾಡ್ಕಣಿ. ಮತ್ತೆ ಸರ್, ರದ್ದ್ ಮಾಡು ಪೇಜಂಗೆ ನೀವ್ ಮೊದಲ್ನೇ ಸಾಲ್ ಅಂದೇ ಒತ್ಸುದಲ್ದಾ. ಅದ್ ಒಂದಲ್ಲ ಒಂದ್ ದಿನ ಕೈ ಕೊಡತ್ತ್."

"ಇಡೀ ಸೈಟಂಗೆ ಅದೊಂದೇ ನನ್ ಕೈ ಹಿಡದದ್ದ್. ಅದ್ರ್ ಸುದ್ದಿಗ್ ಬರ್ಬೇಡ," ಎಂದು ಫೋನಿಟ್ಟ.

ಅದು ಕೊಲ್ಲೂರಿನ ದಿನಕರ ಶೆಟ್ಟರ ಲಾಡ್ಜಿನ ಸೈಟು. ಸ್ಕ್ರಿಪ್ಟು ಅಲ್ಲಿ ಹೊರಗಿನವರಂತೆ ಒಂದು ಕೋಣೆ ಕಾಯ್ದಿರಿಸಬೇಕು, ಆಮೇಲೆ ಲಾಡ್ಜಿನ ಕೌಂಟರಿನವರು ನೋಡುವ ಪುಟಕ್ಕೆ ಹೋಗಿ ಅದೇ ಕೋಣೆಯನ್ನು ರದ್ದು ಮಾಡಬೇಕು. ಇಲ್ಲದಿದ್ದರೆ ಬಾರದ ಅತಿಥಿಗೆ ಕೋಣೆ ಹಿಡಿದಿಟ್ಟಂತಾಗುತ್ತದೆ. ಕೌಂಟರಿನ ಪುಟದಲ್ಲಿ ಹೊಸ ಬುಕಿಂಗು ಯಾವಾಗಲೂ ಮೇಲಿನ ಸಾಲಿನಲ್ಲಿ ಬರುತ್ತಿತ್ತು. ಆದ್ದರಿಂದ ರತ್ನಾಕರ ಹೆಸರು ಹುಡುಕುವ ಗೋಜಿಗೇ ಹೋಗದೆ, ಮೊದಲನೆಯ ಸಾಲಿನ ರದ್ದು ಬಟನ್ ಒತ್ತು ಎಂದು ಬರೆದುಬಿಟ್ಟ. ಈಗಷ್ಟೇ ಮಾಡಿದ್ದು ತಾನೇ ಮೇಲಿರುವುದು. ತನ್ವಿ ಏನು ಸುಣ್ಣ ಬಳಿದರೂ ಮೊದಲನೆಯ ಸಾಲು ಮೊದಲನೆಯದೇ. ಬಟನ್ ಒತ್ತಿದ ಮೇಲೆ 'ರದ್ದಾಯಿತು' ಎಂದು ಬಂದರೆ ಹಸಿರು. ಅದು ಒಮ್ಮೆಯೂ ಕೆಂಪಾದದ್ದಿಲ್ಲ.

ಮೊದಲು ಈ ಪರೀಕ್ಷೆ ನಸುಕಿನಲ್ಲೇ ನಡೆದುಹೋಗುತ್ತಿತ್ತು, 'ಟೆಸ್ಟ್' ಎಂಬ ಹೆಸರಿನಲ್ಲಿ. ಮಳೆಗಾಲದ ಕೊನೆಗೆ ಒಂದು ದಿನ ಶೆಟ್ಟರ ಫೋನು ಬಂತು.

"ಹ್ವಾಯ್ ಮಾಸ್ಟ್ರೆ, ಎಂತ ಅವಸ್ಥಿ ಇದ್? ಬೆಳಿಗ್ಗೆ ದೀಪ ಹಚ್ಚಿ ಕಂಪ್ಯೂಟರ್ ಹಾಕುಕಿಲ್ಲೆ, ದಿನದ ಮೊದಲ್ನೇ ಬುಕಿಂಗೇ ರದ್ದ್. ಬೋಣಿಯೇ ಹೀಂಗಾರೆ ವ್ಯಾಪಾರ ಆಪುದ್ ಹ್ಯಾಂಗೆ?"

"ಅದ್ ಪರೀಕ್ಷಿ ದಿನಕರಣ್ಣ. ಗಿರಾಕಿ ಅಲ್ಲ."

"ಪರೀಕ್ಷಿಯೋ ಎಂತದೋ. ಬೋಣಿ ಬೋಣಿಯೇ. ನಂಗೊಂದ್ ಒಳ್ಳೆ ಬೋಣಿ ಆಯ್ಲಿ, ಮತ್ತೆ ಎಂತ ಬೇಕಾರೂ ಮಾಡಿ. ಆ ಟೆಸ್ಟ್ ಅಂಬ ಹೆಸ್ರೂ ನಂಗ್ ಕಾಂಬುದ್ ಬೇಡ."

ಕುಂದಾಪುರದಿಂದ ಕೊಲ್ಲೂರಿನವರೆಗೆ ಯಾವ ಅಂಗಡಿಯವನಿಗೂ ಬೋಣಿಯ ವಿಷಯದಲ್ಲಿ ಬುದ್ಧಿ ಹೇಳಲಾಗುವುದಿಲ್ಲ. ರತ್ನಾಕರ ಹಲ್ಲು ಕಚ್ಚಿಕೊಂಡು ಪರೀಕ್ಷೆಯನ್ನು ಬೆಳಗಿನ ಹತ್ತಕ್ಕೆ ಹಾಕಿದ. ಹೆಸರಿನ ಜಾಗದಲ್ಲಿ ಬೆರಳಿಗೆ ಮೊದಲು ಬಂದದ್ದನ್ನು ಬರೆದ. ವನಜ, ವಂಡ್ಸೆ. ಅವನ ಹೆಂಡತಿಯ ಹೆಸರು, ಅವನ ಊರು. 'ಆಯ್ತು, ಸರಿ ಮಾಡಿದೆ' ಎಂದು ಶೆಟ್ಟರಿಗೆ ಹೇಳಿದ. ಏನು ಸರಿ ಮಾಡಿದೆ ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಕಳೆದ ವಾರ ಶೆಟ್ಟರು ಮತ್ತೆ ಫೋನು ಮಾಡಿದ್ದರು. ಯಾರ್ಯಾರೋ ಹಿಡಿದ ಕೋಣೆಗಳು ತಾವಾಗಿಯೇ ರದ್ದಾಗುತ್ತಿವೆ, ಸೈಟಿನಲ್ಲಿ ದೋಷ ಇದೆಯೇ ಎಂದು. ಹಂಗಾರಕಟ್ಟೆಯ ಒಂದು ಕುಟುಂಬ ಮುದುಕಿಯೊಬ್ಬಳನ್ನು ಕರೆದುಕೊಂಡು ಬಂದು, ಕೋಣೆಯಿಲ್ಲದೆ ಸಂಜೆಯವರೆಗೆ ಜಗಲಿಯಲ್ಲಿ ಕೂತಿತ್ತಂತೆ. ಅವತ್ತು ರತ್ನಾಕರ ಯಾವುದೋ ಬೇರೆ ಕೆಂಪಿನ ಮೇಲೆ ಉರಿಯುತ್ತಿದ್ದ. ಲಾಡ್ಜಿನ ಪರೀಕ್ಷೆ ನೋಡಿದರೆ ಹಸಿರು. "ಸೈಟ್ ತನ್ನಷ್ಟಕ್ಕೆ ಯಾವ್ದನ್ನೂ ರದ್ದ್ ಮಾಡುದಿಲ್ಲೆ ದಿನಕರಣ್ಣ. ಯಾರೋ ಕೂಕಂಡ್ ಒತ್ತದ್ದೇ," ಎಂದುಬಿಟ್ಟಿದ್ದ.

ಈಗ ಮಧುಸೂದನ ಒಳಗೆ ಬಂದು ಮೇಜಿನ ಎದುರು ನಿಂತ. "ಮಾಸ್ಟ್ರೆ, ಕೊಲ್ಲೂರಿಗೊಂದ್ ಹೋಯ್ ಬರ್ಕ್ ನೀವ್. ಶೆಟ್ರ್ ಕೌಂಟರಿನವ್ನ ಇವತ್ತೇ ಬಿಡ್ಸ್ತ್ರಂಬ್ರ್. ನೀವ್ ಫೋನಂಗೆ ಹೇಳದ್ದನ್ನ ಅವ್ನ್ ಎದ್ರಿಗೇ ಹೇಳ್ಕಂಬ್ರ್."

"ಯಾರ್ ಅವ?"

"ಕುಷ್ಟ ಅಂದ್. ನಿಮ್ ವಂಡ್ಸೆ ಬದಿಯವ್ನೇ."

ರತ್ನಾಕರನಿಗೆ ಹೆಸರಿನ ಗುರುತು ಹತ್ತಿತು. ವಂಡ್ಸೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು ಕುಷ್ಟ. ಲೆಕ್ಕ ತಪ್ಪಿದರೆ ಪೆಟ್ಟು ತಿನ್ನುತ್ತಿದ್ದ, ಪಕ್ಕದವನ ಸ್ಲೇಟು ನೋಡಿ ಬರೆಯುತ್ತಿರಲಿಲ್ಲ. ಮುಂಬೈಯ ಹೋಟೆಲಿನಿಂದ ವಾಪಸು ಬಂದು ಕೊಲ್ಲೂರಿನಲ್ಲೆಲ್ಲೋ ಇದ್ದಾನೆ ಎಂದು ಕೇಳಿದ್ದ, ಅಷ್ಟೇ.

ಹಸಿರು ಬಟನ್ನನ್ನು ಅದರ ಮೇಲಿನ ಬರಹದಿಂದಲೇ ಹಿಡಿಯುವಂತೆ ಮಾಡಿ, ಲ್ಯಾಪ್‌ಟಾಪು ಚೀಲಕ್ಕೆ ತುರುಕಿ ಬಸ್ಸು ಹತ್ತಿದ. ವಂಡ್ಸೆ ದಾಟಿದ ಮೇಲೆ ಕಂಡಕ್ಟರು "ಹಲಸಿನಮರ, ಹಲಸಿನಮರ" ಎಂದು ಕೂಗಿದ. ಆ ಮರ ಬಿದ್ದು ಯಾವ ಕಾಲವಾಯಿತೋ. ಆದರೂ ಇಳಿಯಬೇಕಾದವರೆಲ್ಲ ಸರಿಯಾಗಿ ಅಲ್ಲೇ ಇಳಿದರು. ಇಲ್ಲದ ಮರದ ಗುರುತಿನಲ್ಲಿ ಮನೆ ಮುಟ್ಟುವ ಜನರ ನಡುವೆ ಹುಟ್ಟಿದವನು, ಕಣ್ಣೆದುರಿನ ಬಟನ್ನು ಕಾಣದ ಯಂತ್ರವನ್ನು ಕಟ್ಟಿಕೊಂಡು ಹೆಣಗಬೇಕು. ರತ್ನಾಕರನಿಗೆ ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟು ಬಂತು.

ಲಾಡ್ಜಿನ ಮೆಟ್ಟಿಲಿನ ಕೆಳಗೆ ಕುಷ್ಟ ನಿಂತಿದ್ದ. ಚೀಲ ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದ. ಕೂದಲು ಪೂರ್ತಿ ನೆರೆತಿತ್ತು.

"ನೀನಾ ಅದ್?" ಎಂದ ಕುಷ್ಟ. "ಕುಂದಾಪ್ರದ್ ಮಾಸ್ಟ್ರ್ ಹೇಳಿರ್, ಮಾಸ್ಟ್ರ್ ಹೇಳಿರ್ ಅಂದ್ ಶೆಟ್ರ್ ಜಪ ಮಾಡ್ತಿದ್ರ್. ನೀನೇ ಅಂದ್ ನಂಗ್ ಗೊತ್ತಿಲ್ಲ."

"ನಿಂಗ್ ಗೊತ್ತಿಲ್ದೇ ನಿನ್ ಕೈ ಬಟನ್ನಿಗ್ ತಾಗಿದ್ದಿರ್ಕ್ ಮರಾಯಾ. ಹಾಂಗಂದ್ ಹೇಳಿ ಮುಗ್ಸ್."

"ತಾಗಲಿಲ್ಲೆ. ದೇವಸ್ಥಾನ ಇಲ್ಲೇ ಇತ್ತ್, ಬಾ, ಬೇಕಾರೆ ಮುಟ್ಟಿ ಹೇಳ್ತೆ. ಎಲ್ಲ ಹೋಪುದ್ ಹತ್ತ್ ಗಂಟಿ ಸುಮಾರಿಗೆ. ಆವಾಗ ಶೆಟ್ರ್ ಪೂಜಿಗ್ ಹೋಯಿರ್ತ್ರ್, ಕೌಂಟರಂಗೆ ನಾನೊಬ್ನೇ. ಅದಕ್ಕೇ ನನ್ ಕುತ್ತಿಗಿಗ್ ಬಂದದ್ದ್."

ಹತ್ತು ಗಂಟೆ ಎಂಬ ಮಾತು ರತ್ನಾಕರನ ಕಿವಿಯಲ್ಲಿ ಸಿಕ್ಕಿಕೊಂಡಿತು. ಆದರೆ ಅಷ್ಟರಲ್ಲಿ ಶೆಟ್ಟರು ಮೇಲಿನಿಂದ ಕರೆದರು. ದೊಡ್ಡ ದೇಹ, ಹಣೆಗೆ ಆಗಷ್ಟೇ ಹಚ್ಚಿದ ಕುಂಕುಮ.

"ಬನ್ನಿ ಮಾಸ್ಟ್ರೆ. ಅವ್ನ್ ಹತ್ರ ಎಂತ ಮಾತ್? ನೀವೇ ಕಾಣಿ," ಎಂದು ಕೌಂಟರಿನ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. "ನಿಮ್ಮ್ ಸೈಟಂಗೆ ತಪ್ಪಿಲ್ಲೆ ಅಂದ್ರಿ, ಒಪ್ದೆ. ಇವ ಬಂದವ್ರ್ ಕೋಣಿ ರದ್ದ್ ಮಾಡ್ತ, ತನ್ನ್ ಗುರ್ತಿನವ್ರಿಗ್ ಹಿಡ್ದ್ ಇಡ್ತ. ಅದೊಂದ್ ಹೆಂಗ್ಸ್ ಇತ್ತ್ ಕಾಣಿ. ಹೆಚ್ಚಿನ್ ದಿನ ಬುಕ್ ಮಾಡಿ ಕೂಡ್ಲೇ ರದ್ದ್. ಬೇರೆಯವ್ರದ್ ರದ್ದಾದ ದಿನ ಮಾತ್ರ ಅದ್ರದ್ದ್ ಹಾಂಗೇ ಉಳೀತ್ತ್. ಉಳ್ದ್ರೂ ಬಪ್ಪುದಿಲ್ಲೆ. ಇವ ಆ ಕೋಣಿ ಗುಡ್ಸಿ, ನೀರ್ ತುಂಬ್ಸಿ, ಹೊಸ ಚಾದ್ರ ಹಾಸಿ ಕಾಯ್ತ. ಕೇಂಡ್ರೆ ಯಾರಂದ್ ಗೊತ್ತಿಲ್ಲೆ ಅಂತ. ಗೊತ್ತಿಲ್ದಿದ್ ಹೆಂಗ್ಸಿಗ್ ಯಾರಾರೂ ಇಷ್ಟ್ ಚಾಕ್ರಿ ಮಾಡ್ತ್ರಾ?"

"ಬುಕ್ ಮಾಡದವ್ರಿಗ್ ಕೋಣಿ ತಯಾರ್ ಮಾಡುದ್ ನನ್ ಕೆಲ್ಸ," ಎಂದ ಕುಷ್ಟ ಬಾಗಿಲ ಬಳಿಯಿಂದ.

"ಯಾರ್ ಆ ಹೆಂಗ್ಸ್?" ಎಂದ ರತ್ನಾಕರ.

"ಯಾರೋ ವನಜ ಅಂಬ್ರ್. ವಂಡ್ಸೆ. ಇವ್ನ್ ಊರೇ."

ರತ್ನಾಕರ ಪರದೆಗೆ ಬಗ್ಗಿದ. ಶೆಟ್ಟರು ಬೆರಳಿಟ್ಟು ತೋರಿಸುತ್ತಿದ್ದ ಆ ಹೆಂಗಸು ಬೆಳಿಗ್ಗೆ ಅವನಿಗೆ ದೋಸೆ ಹಾಕಿ ಕಳಿಸಿದ್ದಳು. ಪರದೆಯ ಸಾಲುಗಳನ್ನು ನೋಡುತ್ತ ಹೋದಂತೆ ಎಲ್ಲ ತಾನಾಗಿಯೇ ಬಿಡಿಸಿಕೊಂಡಿತು. ನಸುಕಿನಲ್ಲಿ ಯಾರೂ ಬುಕ್ ಮಾಡುತ್ತಿರಲಿಲ್ಲ. ಸ್ಕ್ರಿಪ್ಟಿನ ಸಾಲು ಮೇಲೆಯೇ ಇರುತ್ತಿತ್ತು. ಹತ್ತು ಗಂಟೆಗೆ ಹಾಗಲ್ಲ, ನವರಾತ್ರಿಗೆ ಕೋಣೆ ಬೇಕೆನ್ನುವವರ ನೂಕುನುಗ್ಗಲು. ವನಜನ ಹೆಸರಿನಲ್ಲಿ ಬುಕ್ ಮಾಡಿ ಸ್ಕ್ರಿಪ್ಟು ಕೌಂಟರಿನ ಪುಟಕ್ಕೆ ಬರುವಷ್ಟರಲ್ಲಿ ಇನ್ನೊಬ್ಬರ ಬುಕಿಂಗು ಅದರ ತಲೆಯ ಮೇಲೆ ಬಂದು ಕೂತರೆ, ಮೊದಲನೆಯ ಸಾಲು ಆ ಇನ್ನೊಬ್ಬರದು. ಸ್ಕ್ರಿಪ್ಟು ಅವರದನ್ನೇ ರದ್ದು ಮಾಡುತ್ತಿತ್ತು. ರದ್ದಾಯಿತು. ಹಸಿರು. ಹಂಗಾರಕಟ್ಟೆಯ ಮುದುಕಿ ಜಗಲಿಯಲ್ಲಿ.

"ದಿನಕರಣ್ಣ," ಎಂದ. "ಕುಷ್ಟ ಮಾಡ್ಲಿಲ್ಲೆ. ನಾ ಮಾಡದ್ದ್. ಆ ವನಜ ನನ್ ಹೆಂಡ್ತಿ."

ಶೆಟ್ಟರು ಅವನನ್ನೂ ಕುಷ್ಟನನ್ನೂ ಒಂದೊಂದು ಸಲ ನೋಡಿದರು. ಆಮೇಲೆ ನಕ್ಕರು.

"ನೀವಿಬ್ರೂ ಒಂದೇ ಶಾಲಿಯಾ?"

"ಹೌದ್, ಆದ್ರೆ..."

"ಅದೇ ಕಾಣಿ. ಮೆಟ್ಲ್ ಕೆಳ್ಗೆ ಅಷ್ಟ್ ಹೊತ್ತ್ ಎಂತ ಮಾತ್ ಅಂದ್ ನಾ ಗ್ರಹಿಸಿದ್ದೆ. ಊರಿನವ್ನ ಬಿಟ್ಟ್ ಕೊಡುಕೆ ಮನ್ಸ್ ಬಪ್ಪುದಿಲ್ಲೆ, ಒಳ್ಳೇದೇ. ಆದ್ರೆ ಅದಕ್ಕಾಯಿ ಹೆಂಡ್ತಿ ಹೆಸ್ರ್ ಎಳ್ಕಂಡ್ ಬರ್ಬೇಡಿ ಮಾಸ್ಟ್ರೆ."

ರತ್ನಾಕರ ಸ್ಕ್ರಿಪ್ಟು, ಸಾಲು, ಹತ್ತು ಗಂಟೆ ಎಲ್ಲವನ್ನೂ ವಿವರಿಸಿದ. ಬೋಣಿಯ ವಿಷಯವನ್ನೂ ಹೇಳಿದ. ಶೆಟ್ಟರಿಗೆ ಅದು ಸುತರಾಂ ಹಿಡಿಸಲಿಲ್ಲ. "ಈಗ ನನ್ ಬೋಣಿದೇ ತಪ್ಪಾ? ನೀವ್ ಕುಂದಾಪ್ರದಂಗೆ ಕೂಕಂಡ್ ಇಲ್ಲಿ ಕೋಣಿ ರದ್ದ್ ಮಾಡುಕಾತ್ತಾ? ನಿಮ್ ಪರೀಕ್ಷಿಗೆ ಪಾಸ್‌ವರ್ಡ್ ಎಲ್ಲಿಂದ ಬಂತ್?"

"ನೀವೇ ಕೊಟ್ಟದ್ದ್. ಕೌಂಟರಿನದ್ದೇ ಸಾಕ್, ಇನ್ನೊಂದ್ ಬೇಡ ಅಂದದ್ದೂ ನೀವೇ. ತಡೀನಿ, ಮಾಡಿ ತೋರ್ಸ್ತೆ."

ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಇಟ್ಟು, ಲಾಡ್ಜಿನ ಇಂಟರ್ನೆಟ್ಟಿಗೆ ಸಿಕ್ಕಿಸಿ ಸ್ಕ್ರಿಪ್ಟು ಓಡಿಸಿದ. ಬ್ರೌಸರ್ ತೆರೆಯಿತು. ವನಜ ಎಂದು ತಾನೇ ಬರೆಯಿತು, ಒತ್ತಿತು, ಕೌಂಟರಿನ ಪುಟಕ್ಕೆ ಹೋಯಿತು, ಮೊದಲನೆಯ ಸಾಲನ್ನು ರದ್ದು ಮಾಡಿತು. ವನಜನದ್ದೇ ರದ್ದಾಯಿತು. ಹಸಿರು. ಮತ್ತೆ ಓಡಿಸಿದ, ತನ್ನ ಫೋನಿನಿಂದ ಅದೇ ಹೊತ್ತಿಗೆ ಇನ್ನೊಂದು ಬುಕಿಂಗು ಮಾಡಲು ನೋಡಿದ. ಬೆಟ್ಟದ ಬುಡದಲ್ಲಿ ಫೋನಿನ ನೆಟ್‌ವರ್ಕು ಗಿರಗಿರ ತಿರುಗುತ್ತಲೇ ಇತ್ತು, ಬುಕಿಂಗು ಬರುವ ಹೊತ್ತಿಗೆ ಸ್ಕ್ರಿಪ್ಟು ಕೆಲಸ ಮುಗಿಸಿತ್ತು. ಹಸಿರು. ಇನ್ನೊಮ್ಮೆ. ಹಸಿರು. ಬೆಳಗಾದರೆ ಕಾಲು ಮುರಿದುಕೊಂಡು ಬೀಳುತ್ತಿದ್ದ ಯಂತ್ರ, ಇವತ್ತೊಂದು ದಿನ ತಪ್ಪು ಮಾಡು ಎಂದು ಬೇಡಿಕೊಂಡರೆ, ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನದ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತಿತ್ತು.

"ನಿಮ್ ಯಂತ್ರ ಬಾರೀ ಲಾಯ್ಕಿತ್ತ್ ಮಾಸ್ಟ್ರೆ," ಎಂದರು ಶೆಟ್ಟರು. ಈ ಕೆಲಸಕ್ಕೆ ಬಂದ ಮೇಲೆ ರತ್ನಾಕರನಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಅವನಿಗೆ ಲ್ಯಾಪ್‌ಟಾಪನ್ನು ಸೌಪರ್ಣಿಕಾ ಹೊಳೆಗೆ ಎಸೆದು ಬರಬೇಕೆನಿಸಿತು.

ಕುಷ್ಟ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. "ಸಾಕ್ ಬಿಡ್. ಕಡಿ ಬಸ್ಸಾರೂ ಸಿಕ್ಲಿ ನಂಗೆ."

"ಅಲ್ಲೇ ನಿಲ್ ನೀನ್," ಎಂದು ರತ್ನಾಕರ ಗದರಿದ.

ಅಷ್ಟರಲ್ಲಿ ಶೆಟ್ಟರ ಫೋನು ಬಡಿದುಕೊಂಡಿತು. ಅವರ ಸ್ವರ ಒಮ್ಮೆಲೇ ಮೆತ್ತಗಾಯಿತು. ಮಗಳ ಮಾವ, ಮುಂಬೈಯಿಂದ. ವಿಜಯದಶಮಿಗೆ ಮನೆಮಂದಿಯೊಂದಿಗೆ ಬರುತ್ತಾರೆ, ಮೂಲೆಯ ದೊಡ್ಡ ಕೋಣೆ ಬೇಕು. "ಈಗಳೇ ಬರೀತೆ, ನಿಮ್ಗಲ್ದೆ ಮತ್ಯಾರಿಗೆ," ಎಂದು ಶೆಟ್ಟರು ಫೋನಿಟ್ಟರು. ವಾಡಿಕೆಯಂತೆ ಕುಷ್ಟನ ಕಡೆ ತಿರುಗಿದರು, ಅವನಿಗೆ ಕಂಪ್ಯೂಟರು ಮುಟ್ಟಬೇಡ ಎಂದದ್ದು ನೆನಪಾಗಿ ತಾವೇ ಕೂತರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ಆ ಬೆರಳು ನೋಡಿ ಟೈಪಿಂಗ್ ಮಾಸ್ಟ್ರಿಗೆ ಮೈ ಪರಚಿಕೊಳ್ಳುವಂತಾಯಿತು. ತಡೆಯಲಾರದೆ ತನ್ನ ಲ್ಯಾಪ್‌ಟಾಪಿನ ಕಡೆ ತಿರುಗಿ, ಹಾಳಾಗಿ ಹೋಗಲಿ ಎಂದು ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದ.

ವನಜ, ವಂಡ್ಸೆ. ಒತ್ತಿತು. ಪಕ್ಕದಲ್ಲಿ ಶೆಟ್ಟರೂ ಒತ್ತಿದರು. ಸ್ಕ್ರಿಪ್ಟು ಕೌಂಟರಿನ ಪುಟಕ್ಕೆ ಹೋಯಿತು.

"ಆಯ್ತ್," ಎಂದರು ಶೆಟ್ಟರು. ಕನ್ನಡಕ ಮೇಲೆತ್ತಿ ಪರದೆಗೆ ಮುಖ ಹತ್ತಿರ ತಂದರು. ಮೇಲಿನ ಸಾಲಿನಲ್ಲಿ ಮಗಳ ಮಾವನ ಹೆಸರಿತ್ತು. ಅದರ ಪಕ್ಕದಲ್ಲಿ ರದ್ದು ಎಂದಿತ್ತು. ಅದರ ಕೆಳಗೆ ವನಜ ಕೋಣೆ ಹಿಡಿದು ನಿಶ್ಚಿಂತೆಯಿಂದ ಕೂತಿದ್ದಳು. ಲ್ಯಾಪ್‌ಟಾಪಿನಲ್ಲಿ ಹಸಿರು.

"ನಾ ಒತ್ತಲಿಲ್ಲೆ," ಎಂದರು ಶೆಟ್ಟರು ಗಾಬರಿಯಿಂದ, ಎರಡೂ ಕೈಗಳನ್ನು ಕೀಲಿಮಣೆಯಿಂದ ದೂರ ಹಿಡಿದು. "ಮಾಸ್ಟ್ರೆ, ದೇವ್ರಾಣಿ, ನಾ ರದ್ದ್ ಮುಟ್ಟಲೇ ಇಲ್ಲೆ."

"ನಾನೂ ಅದೇ ಹೇಳದ್ದ್," ಎಂದ ಕುಷ್ಟ.

ಶೆಟ್ಟರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ತಪ್ಪಾಯಿತು ಎಂದು ಹೇಳುವ ಜಾತಿಯಲ್ಲ ಅವರು. "ಆ ಮಾವನವ್ರದ್ದೊಂದ್ ಸಮಾ ಮಾಡಿ ಹಾಕ್ ಕುಷ್ಟ. ನಂಗ್ ಈ ಬೆರಳಂಗೆ ಆತ್ತಿಲ್ಲೆ," ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಕುಷ್ಟ ಚೀಲವನ್ನು ಕೌಂಟರಿನ ಒಳಗೆ ಇಟ್ಟು ಕೂತ.

ರತ್ನಾಕರ ಮೊದಲನೆಯ ಸಾಲು ಎಂದು ಬರೆದದ್ದನ್ನು ಅಲ್ಲೇ ಅಳಿಸಿದ. ಪ್ರತಿ ಬುಕಿಂಗಿಗೂ ಸೈಟು ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಇರುವ ಸಾಲು ಎಲ್ಲಿದ್ದರೂ ಹುಡುಕಿ ಅದನ್ನೇ ರದ್ದು ಮಾಡಬೇಕು. ಬರೆದು ಓಡಿಸಿದ. ಹುಡುಕಿದ ಎಲಿಮೆಂಟ್ ಸಿಗಲಿಲ್ಲ. ಕೆಂಪು. ಮತ್ತೆ ಬರೆದ, ಮತ್ತೆ ಕೆಂಪು. ಆ ಸಂಖ್ಯೆಯನ್ನು ತನ್ವಿ ಯಾವ ಗೂಡಿನೊಳಗೆ ಇಟ್ಟಿದ್ದಾಳೋ. ಫೋನು ಹಚ್ಚಿದ.

"ಮೊದಲ್ನೇ ಸಾಲ್ ಬೇಡ ಅಂದಿದ್ಯಲೆ ನೀನ್," ಎಂದ. "ಬಿಟ್ಟೆ. ಈಗ ಆ ಬುಕಿಂಗ್ ನಂಬ್ರಿಗೊಂದ್ ಹೆಸ್ರ್ ಇಡ್ಕ್. ನವರಾತ್ರಿ ಮುಗ್ದ್ ಮೇಲಲ್ಲ. ಈಗ."

ತನ್ವಿ ಈ ಸಲ ನಗಲಿಲ್ಲ. "ಬೈತ್ರಿಲ್ಯಾ ಸರ್?"

"ಹೆಸ್ರಿಡ್ ಮಾರಾಯ್ತಿ."

ಅವಳು ಹೆಸರಿಟ್ಟು, ಅವನು ಅದನ್ನು ಗುರುತು ಹಿಡಿಸಿ, ಪರದೆ ಹಸಿರಾಗುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಗಿತ್ತು. ಈ ಸಲದ ಹಸಿರನ್ನೂ ಅವನು ನಂಬಲಿಲ್ಲ. ಕೌಂಟರಿನ ಪುಟದಲ್ಲಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡ. ಕುಷ್ಟ ತನ್ನ ಕೆಲಸ ಮಾಡುತ್ತಿದ್ದ. ಇವನ ಕಡೆ ತಿರುಗಿರಲಿಲ್ಲ.

"ಹೊರಡ್ತೆ ಕುಷ್ಟ," ಎಂದ ರತ್ನಾಕರ.

ಕುಷ್ಟ ಗೋಡೆಯ ಮೊಳೆಯಿಂದ ಒಂದು ಕೀಲಿ ತೆಗೆದು ಕೌಂಟರಿನ ಮೇಲೆ ಇಟ್ಟ. "ವನಜ ಹಿಡ್ದ್ ಕೋಣಿ ಇನ್ ಬೇರೆಯವ್ರಿಗ್ ಕೊಡ್ಲಕ್ಕಲ್ದಾ? ನಿನ್ನೆಯೂ ನೀರ್ ತುಂಬ್ಸಿಟ್ಟಿದ್ದೆ."

"ಕೊಡ್. ನವರಾತ್ರಿ ಕಳ್ದ್ ಮೇಲೆ ವನಜನ್ನ ನಾನೇ ಕರ್ಕಂಡ್ ಬತ್ತೆ."

"ಬನ್ನಿ ಮಾಸ್ಟ್ರೆ," ಎಂದ ಕುಷ್ಟ. ಬಂದಾಗ ಮೆಟ್ಟಿಲ ಕೆಳಗೆ ನೀನು ಎಂದವನು ಈಗ ಬನ್ನಿ ಎಂದ. "ಬಪ್ಪು ಮುಂಚೆ ನಂಗೊಂದ್ ಫೋನ್ ಮಾಡಿ. ಆ ಕಂಪ್ಯೂಟರಂಗೆ ಮಾತ್ರ ಬುಕ್ ಮಾಡ್ಬೇಡಿ."